ನಿಮ್ಮ ತಾತನ ಟ್ರಕ್ಕಿಗೆ ಬೇರೆ ಚಾಸಿ

ನೀವಿಬ್ಬರೂ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುವ ಆ ಹಸಿರು ಪಿಕಪ್ ಟ್ರಕ್ಕು ಒಂದು ಗಾಡಿಯಲ್ಲ, ಎರಡು. ಮೇಲಿನ ಮೈ ನಿಮ್ಮ ತಾತ ಕೊಂಡದ್ದು. ಅದಕ್ಕೆ ನಿಮ್ಮಮ್ಮನಿಗಿಂತ ಹೆಚ್ಚು ವಯಸ್ಸು. ಕೆಳಗಿರುವ ಚಾಸಿ, ಎಂಜಿನ್, ಗೇರು, ಬ್ರೇಕು ಎಲ್ಲ ಈಚಿನ ಇನ್ನೊಂದು ಗಾಡಿಯವು. ಹೀಗೆ ಯಾಕೆ ಮಾಡಿಸಿದಿರಿ ಅಜ್ಜಿ ಎಂದು ಒಮ್ಮೆ ಕೇಳಿದಿರಿ. ಆಗ ನಾನು ಏನೋ ಗೊಣಗಿ ಅಡುಗೆಮನೆಗೆ ಹೋದೆ. ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ, ಬರೆಯುವುದು ಬರುತ್ತದೆ. ಓದಿದ್ದು ಅರಸೀಕೆರೆ ಹತ್ತಿರದ ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ ಅಷ್ಟೆ. ಆದರೆ ನಮ್ಮ ಮೇಷ್ಟ್ರು ಓದಿಸಿದಷ್ಟನ್ನು ಗಟ್ಟಿಯಾಗಿ ಓದಿಸಿದ್ದರು.

ನಿಮ್ಮ ತಾತ ವಿದನ್‌ಶಾದಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದರು. ನಮ್ಮ ಮನೆ ಆಗಲೂ ಸ್ಟಾಕ್‌ಪೋರ್ಟಿನ ಇದೇ ಮನೆ. ಜೊತೆಯ ಡಾಕ್ಟರುಗಳು ಒಬ್ಬರನ್ನು ನೋಡಿ ಒಬ್ಬರು ದೊಡ್ಡ ಕಾರು ಕೊಳ್ಳುತ್ತಿದ್ದಾಗ ಇವರು ಡರ್ಬಿಶೈರಿನ ಯಾವುದೋ ಫಾರ್ಮಿನ ಹರಾಜಿಗೆ ಹೋಗಿ ಕುರಿ ವಾಸನೆಯ ಟ್ರಕ್ಕು ತಂದರು. ಮನೆಗೆ ಬಂದ ಕನ್ನಡದವರು, "ಏನ್ ಡಾಕ್ಟ್ರೇ, ಮರಳು ಹೊಡೆಯೋ ಕಾಂಟ್ರಾಕ್ಟ್ ಹಿಡಿದ್ರಾ?" ಎಂದು ನಗುತ್ತಿದ್ದರು. ಅವರಿಗಿಂತ ಜೋರಾಗಿ ಇವರೇ ನಗುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಅದಕ್ಕೆ ಕಟ್ಟಿ ಎಳೆಯಲು ಒಂದು ಕ್ಯಾರವಾನ್ ತಂದರು.

ಕ್ಯಾರವಾನ್ ತಂದದ್ದು ನನಗಾಗಿ. ಹೋಟೆಲಿನಲ್ಲಿ ಉಳಿಯುವುದೆಂದರೆ ನನಗೆ ಶಿಕ್ಷೆ. ಬೆಳಗಿನ ತಿಂಡಿಯ ಕೋಣೆಯಲ್ಲಿ ಹುಡುಗಿ ಬಂದು ಮೊಟ್ಟೆ ಹೇಗೆ ಬೇಕು ಎಂದು ಕೇಳಿದರೆ, ತಿನ್ನುವುದಿಲ್ಲ ಎಂದು ಹೇಳಲೂ ನಾಚಿಕೆಯಾಗಿ, ತಂದಿಟ್ಟ ಬೇಯಿಸಿದ ಮೊಟ್ಟೆಯನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನೊಳಗೆ ಇಟ್ಟುಕೊಂಡವಳು ನಾನು. ಕ್ಯಾರವಾನಿನಲ್ಲಿ ನಮ್ಮ ಒಲೆ, ನಮ್ಮ ಬಾಗಿಲು. ವೇಲ್ಸಿನ ಸಮುದ್ರದ ಪಕ್ಕ ನಿಲ್ಲಿಸಿ ಉಪ್ಪಿಟ್ಟು ಕೆದಕಿದ್ದೇನೆ, ಯಾರ್ಕ್‌ಶೈರಿನ ಗುಡ್ಡದ ಮೇಲೆ ಹೊದ್ದು ಕೂತು ಕಾಫಿ ಕುಡಿದಿದ್ದೇನೆ. ಪಕ್ಕದವರು ಕೈ ಎತ್ತಿದರೆ ನಾನೂ ಎತ್ತುತ್ತಿದ್ದೆ. ಅಷ್ಟು ಸಾಕಾಗುತ್ತಿತ್ತು. ಈ ದೇಶವನ್ನು ನಾನು ನೋಡಿದ್ದೆಲ್ಲ ಆ ಸಣ್ಣ ಕಿಟಕಿಯಿಂದಲೇ.

ಕಾರು ಓಡಿಸಲು ಕಲಿತದ್ದೂ ಆ ಟ್ರಕ್ಕಿನಲ್ಲಿ. ಈ ವಿಷಯ ಮುಂದೆ ಮುಖ್ಯವಾಗುತ್ತದೆ, ಗಮನವಿಡಿ. ನಾನು ಲೈಸೆನ್ಸ್ ಪಡೆದ ಕಾಲದಲ್ಲಿ ಕಾರಿನ ಪರೀಕ್ಷೆ ಪಾಸಾದರೆ ಭಾರದ ಟ್ರೇಲರ್ ಎಳೆಯುವ ಅನುಮತಿಯೂ ಜೊತೆಗೇ ಬರುತ್ತಿತ್ತು. ಆಮೇಲೆ ಕಾನೂನು ಬದಲಾಯಿತು. ತಡವಾಗಿ ಪಾಸಾದವರು ಇನ್ನೊಂದು ಪರೀಕ್ಷೆ ಕೊಡಬೇಕಿತ್ತು. ನಿಮ್ಮಮ್ಮ, ನಿಮ್ಮಪ್ಪ ಇಬ್ಬರೂ ತಡವಾಗಿ ಪಾಸಾದವರು. ಹಾಗಾಗಿ ತಾತ ಹೋದ ಮೇಲೆ ನಮ್ಮ ಮನೆಯಲ್ಲಿ ಕ್ಯಾರವಾನ್ ಎಳೆಯುವ ಹಕ್ಕಿದ್ದವಳು ನಾನೊಬ್ಬಳೇ.

ತಾತ ಹೋಗಿ ವರ್ಷಾಂತಿಕ ಮುಗಿಯಿತು. ವಸಂತದಲ್ಲಿ ಟ್ರಕ್ಕನ್ನು ಲೀಡ್ಸಿನ ಹೊರಗಿರುವ ಮೆಕ್ಯಾನಿಕ್ ಹತ್ತಿರ ಕಳಿಸಿ, ನಾನೂ ಹೋದೆ. ತಾತ ಅದನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಮೆಕ್ಯಾನಿಕ್ ನನ್ನ ವಯಸ್ಸಿನ ಮನುಷ್ಯ, ಎಲ್ಲ ಹೆಂಗಸರನ್ನೂ "ಲವ್" ಎಂದು ಕರೆಯುತ್ತಾನೆ. ಆ ಕಡೆ ಎಲ್ಲರೂ ಹಾಗೇ. ಅವನ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ, ಆ ಒಂದು ಪದ ಹಾಗೇ ಇರಲಿ.

"ಇಲ್ಲಿ ನೋಡು, ಲವ್" ಎಂದು ಅವನು ಗಾಡಿಯ ಕೆಳಗೆ ದೀಪ ಹಿಡಿದು ಸ್ಕ್ರೂಡ್ರೈವರಿನಿಂದ ಚುಚ್ಚಿದ. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ, ಉದ್ದಕ್ಕೆ ಹೋಗುವ ಎರಡು ಉಕ್ಕಿನ ತೊಲೆ. ಸ್ಕ್ರೂಡ್ರೈವರ್ ಅದರೊಳಗೆ ರಸ್ಕಿಗೆ ಹೋದ ಹಾಗೆ ಹೋಯಿತು. "ತೇಪೆ ಹಾಕಿದರೆ ಅಂಗಡಿಗೆ ಹೋಗಿ ಬರಬಹುದು. ಕ್ಯಾರವಾನ್ ಮಾತ್ರ ಮರೆತುಬಿಡು. ಏರಿನಲ್ಲಿ ಇದು ನಡುವೆ ಮುರಿಯುತ್ತದೆ."

ನಿಮ್ಮಮ್ಮನಿಗೆ ಇದು ಗೊತ್ತಾದದ್ದೇ ತಡ, ನಿಮ್ಮ ಮನೆಯಿರುವ ಎಜ್‌ಬಾಸ್ಟನ್ನಿನಿಂದ ಫೋನು ಬಂತು. ಆಸ್ಪತ್ರೆಯ ಪಾಳಿಗಳ ನಡುವೆ ಸಿಕ್ಕ ಹತ್ತು ನಿಮಿಷದಲ್ಲಿ ಅವಳು ಎಲ್ಲವನ್ನೂ ತೀರ್ಮಾನಿಸಿಬಿಡುತ್ತಾಳೆ. ಬರ್ಮಿಂಗ್‌ಹ್ಯಾಮಿನಲ್ಲಿ ಹಳೇ ಗಾಡಿ ಕೂಡಿಡುವವರೊಬ್ಬರು ಇದ್ದಾರಂತೆ, ಟ್ರಕ್ಕನ್ನು ಹೇಗಿದೆಯೋ ಹಾಗೇ ಕೊಳ್ಳುತ್ತಾರಂತೆ, ಶೆಡ್ಡಿನಲ್ಲಿ ಚಾದರ ಹೊದಿಸಿ ಇಡುತ್ತಾರಂತೆ.

"ಅಮ್ಮ, ಬಿ ಸೆನ್ಸಿಬಲ್. ಓಡಿಸೋಕೆ ಒಂದು ಸಣ್ಣ ಆಟೋಮ್ಯಾಟಿಕ್ ತಗೋ. ಕ್ಯಾರವಾನೂ ಕೊಟ್ಬಿಡೋಣ."

"ಕ್ಯಾರವಾನ್ ಯಾಕೆ?"

"ಯಾರು ಎಳೀತಾರೆ?"

"ನಾನು."

ತಾತ ಇದ್ದಾಗ ನಾನು ಓಡಿಸಿದ್ದು ಸೂಪರ್ ಮಾರ್ಕೆಟ್ಟಿಗೆ, ಹೆಚ್ಚೆಂದರೆ ವಿಮಾನ ನಿಲ್ದಾಣಕ್ಕೆ. ಕ್ಯಾರವಾನ್ ಕಟ್ಟಿದಾಗ ನಾನು ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುವವಳು. ಅವಳ ಅನುಮಾನ ತಪ್ಪಲ್ಲ. ಆದರೆ ಟ್ರಕ್ಕು ಹೋದರೆ ಕ್ಯಾರವಾನ್ ಹೋಗುತ್ತಿತ್ತು, ಕ್ಯಾರವಾನ್ ಹೋದರೆ ನಾನು ಮನೆಯಿಂದ ಹೊರಗೆ ಹೋಗುವುದೇ ನಿಲ್ಲುತ್ತಿತ್ತು. ಇದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬೇರೆ ಗಾಡಿ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೊಸ ದೊಡ್ಡ ಗಾಡಿಗಳಲ್ಲಿ ಕೂತರೆ ನನಗೆ ಬಾವಿಯೊಳಗೆ ಕೂತಂತೆ, ಮೂಗಿನವರೆಗೂ ಡ್ಯಾಶ್‌ಬೋರ್ಡು. ಈ ಟ್ರಕ್ಕಿನ ಮೂಲೆ ಎಲ್ಲಿ ಮುಗಿಯುತ್ತದೆ ಎಂದು ನನ್ನ ಮೊಣಕೈಗೆ ಗೊತ್ತು. ಅದೂ ಅಲ್ಲದೆ ನನಗೆ ಇದೇ ಬೇಕಿತ್ತು. ಬೇಕು ಎನ್ನುವುದಕ್ಕೆ ಯಾವಾಗಲೂ ಕಾರಣ ಕೊಡಬೇಕಾಗಿಲ್ಲ ಎಂದು ನಾನು ಕಲಿತದ್ದು ಆ ವರ್ಷ.

ಕೊನೆಗೆ ನಿಮ್ಮಮ್ಮ ಒಂದು ಒಪ್ಪಂದಕ್ಕೆ ಬಂದಳು. ಆಗಸ್ಟ್ ಮುಗಿಯುವುದರೊಳಗೆ ನಾನು ಕ್ಯಾರವಾನ್ ಕಟ್ಟಿ, ಬಕ್ಸ್‌ಟನ್ ಆಚೆ ನಾವು ಯಾವಾಗಲೂ ಹೋಗುತ್ತಿದ್ದ ಜಾಗಕ್ಕೆ ಏರು ಹತ್ತಿ ತೋರಿಸಬೇಕು. ತೋರಿಸಿದರೆ ಟ್ರಕ್ಕು ನನ್ನದು. ಆಗದಿದ್ದರೆ ಬರ್ಮಿಂಗ್‌ಹ್ಯಾಮಿನವರದು. ಅವರಿಗೂ ಹಾಗೇ ಹೇಳಿ ಕಾಯಿಸಿದಳು.

ದಾರಿ ಹೇಳಿದವನು ಮೆಕ್ಯಾನಿಕ್. ಪಕ್ಕದಿಂದ ಪೆಟ್ಟು ತಿಂದು ಬಾಗಿಲು, ಚಾವಣಿ ಜಜ್ಜಿಹೋದ ಹೊಸ ಪಿಕಪ್ ಒಂದು ಅವನ ಅಂಗಳದಲ್ಲಿ ಬಿದ್ದಿತ್ತು. ಅದರ ಮೈ ಕೆಲಸಕ್ಕೆ ಬಾರದು, ಚಾಸಿ ಎಂಜಿನ್ ಗಟ್ಟಿ. ನಮ್ಮದು ಮೈ ಗಟ್ಟಿ, ಚಾಸಿ ಸತ್ತಿದೆ. "ಇದರ ಮೇಲೆ ಅದನ್ನು ಕೂರಿಸೋಣ, ಲವ್. ಒಂದೇ ಷರತ್ತು. ಹೊಸ ಚಾಸಿಗೆ ನಾನು ಗರಗಸ ಮುಟ್ಟಿಸುವುದಿಲ್ಲ. ಮುಟ್ಟಿಸಿದರೆ ಸರ್ಕಾರ ಅದನ್ನು ಗುರುತಿಲ್ಲದ ಗಾಡಿ ಎನ್ನುತ್ತದೆ. ಮತ್ತೆ ಮೊದಲಿನಿಂದ ಪರೀಕ್ಷೆ, ಓಡಾಟ. ಆಗಸ್ಟ್ ಅಲ್ಲ, ಮುಂದಿನ ಆಗಸ್ಟೂ ಅನುಮಾನ." ಮುಟ್ಟಿಸದಿದ್ದರೂ ಚಾಸಿ ಯಾವ ಗಾಡಿಯದೋ ನಂಬರೂ ಅದೇ ಗಾಡಿಯದು, ತಾತನ ಹಳೇ ನಂಬರ್ ಪ್ಲೇಟು ಹೋಗುತ್ತದೆ.

ನಾನು ಹೂಂ ಎಂದೆ. ವಿಚಿತ್ರವೆಂದರೆ ಮಾರಿಬಿಡು ಎನ್ನುತ್ತಿದ್ದ ನಿಮ್ಮಮ್ಮನಿಗೇ ಇದನ್ನು ಸಹಿಸಲಾಗಲಿಲ್ಲ. "ಅದು ಅಪ್ಪನ ನಂಬರ್! ಸ್ಕೂಲ್ ಗೇಟಿಂದ ಆ ನಂಬರ್ ಹುಡುಕ್ತಿದ್ದೆ ನಾನು" ಎಂದು ಫೋನಿನಲ್ಲಿ ಅತ್ತಳು. ಪ್ಲೇಟನ್ನು ಬಿಚ್ಚಿಸಿ ಅವಳಿಗೆ ಕಳಿಸಿಕೊಟ್ಟೆ. ನಿಮ್ಮ ಮನೆಯ ಮೆಟ್ಟಿಲ ಪಕ್ಕದಲ್ಲಿ ನೇತುಹಾಕಿರುವುದು ಅದೇ.

ಹೊಸ ಚಾಸಿ ಹಳೆಯದಕ್ಕಿಂತ ಒಂದೂವರೆ ಗೇಣು ಉದ್ದ. ಚಾಸಿ ಕತ್ತರಿಸುವಂತಿಲ್ಲವಾದ್ದರಿಂದ ನಾವು ಕೂರುವ ಕ್ಯಾಬನ್ನು ಮುಂದಕ್ಕೆ, ಸಾಮಾನು ತುಂಬುವ ತೊಟ್ಟಿಯನ್ನು ಹಿಂದಕ್ಕೆ ಇಡಬೇಕಾಯಿತು. ನಡುವೆ ಸಂದು. ನೋಡುವುದಕ್ಕೆ ಚೆನ್ನಾಗಿರುವುದಿಲ್ಲ ಎಂದು ಮೆಕ್ಯಾನಿಕ್ ಸಂಕೋಚಪಟ್ಟ. ಇರಲಿ, ಅಲ್ಲಿಗೆ ಒಂದು ತಗಡಿನ ಪೆಟ್ಟಿಗೆ ಮಾಡಿಕೊಡು ಎಂದೆ. ಈಗ ಈರುಳ್ಳಿ, ಆಲೂಗಡ್ಡೆ ಅದರಲ್ಲೇ ಪ್ರಯಾಣ ಮಾಡುತ್ತವೆ.

ಕ್ಯಾಬ್ ಇಳಿಸುವ ದಿನ ಮೇ ತಿಂಗಳ ಒಂದು ಶನಿವಾರ. ನಿಮ್ಮಪ್ಪ ಎಜ್‌ಬಾಸ್ಟನ್ನಿನಿಂದ ಕೈ ಹಚ್ಚಲು ಬಂದಿದ್ದರು. ನನ್ನ ಜೊತೆ ನಮ್ಮ ಬೀದಿಯ ಧಾರವಾಡದ ವೈನಿ, ಆ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತಾರೆ. ನೀವು ಅವರನ್ನು ಬಲ್ಲಿರಿ, ನಿಮ್ಮ ಕೆನ್ನೆ ಹಿಂಡುವವರು. ಮೂವತ್ತು ವರ್ಷ ಸ್ಟಾಕ್‌ಪೋರ್ಟಿನಲ್ಲಿದ್ದರೂ ಅವರ ಮಾತು ಧಾರವಾಡ ಬಿಟ್ಟು ಕದಲಿಲ್ಲ. ಪೂಜೆ ಆಗಲೇಬೇಕು, ಅದೂ ಮೈ ಕೂರಿಸುವ ಮೊದಲೇ ಆಗಬೇಕು ಎಂದು ಹಟ ಹಿಡಿದವರು ಅವರೇ.

"ಅಲ್ರೀ ಅಕ್ಕಾರ, ಮ್ಯಾಲ ಬಾಡಿ ಕೂತಮ್ಯಾಲ ಚಾಸಿಗೆ ಕುಂಕುಮ ಹಚ್ಚಾಕ ನೀವೇನು ಕೆಳಗ ತೆವಳ್ಕೋತ ಹೋಗ್ತೀರೇನು?"

ನಾನು ಅರಿಶಿನ ಕುಂಕುಮದ ಬಟ್ಟಲನ್ನು ಅವರ ಕೈಗೇ ಕೊಡಲು ಹೋದೆ. ಅವರು ಕೈ ಹಿಂದಕ್ಕೆಳೆದುಕೊಂಡರು. "ಟ್ರಕ್ ನಿಮ್ಮದೋ ನಂದೋ? ಹಚ್ರಿ ಸುಮ್ನ." ನಾನೇ ಹಚ್ಚಿದೆ. ಎಂಜಿನ್ನಿಗೆ, ಸ್ಟೇರಿಂಗಿಗೆ, ನಾಲ್ಕೂ ಗಾಲಿಗೆ.

ತೆಂಗಿನಕಾಯಿ ಒಡೆಯಲು ಮೆಕ್ಯಾನಿಕ್‌ಗೆ ಕೊಟ್ಟೆವು. ಅವನ ಶೆಡ್ಡು, ಅವನ ಸುತ್ತಿಗೆ. ಒಂದೇ ಏಟಿಗೆ ಸಮನಾಗಿ ಎರಡು ಹೋಳು. "ಶಹಬ್ಬಾಸ್! ಭಟ್ಟರ ಕೆಲಸಕ್ಕ ಹೋಗಬಹುದು ಇಂವಾ" ಎಂದು ವೈನಿ ಹೋಳುಗಳನ್ನು ಚಾಸಿಯ ಮೇಲೆ ಎಡಕ್ಕೊಂದು ಬಲಕ್ಕೊಂದು ಇಟ್ಟು, ಸೇವಂತಿಗೆ ಹೂವಿಟ್ಟು, ಆರತಿ ಎತ್ತಿದರು. ಮೆಕ್ಯಾನಿಕ್ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ. ಆಮೇಲೆ ನಾವಿಬ್ಬರೂ ಶೆಡ್ಡಿನ ಮೂಲೆಯ ಕೋಣೆಗೆ ಟೀ ಮಾಡಲು ಹೋದೆವು. ಗಂಡಸರು ಸರಪಳಿಗೆ ನೇತುಹಾಕಿದ್ದ ಕ್ಯಾಬನ್ನು ನಿಧಾನವಾಗಿ ಇಳಿಸಿದರು.

ಟೀ ಹಿಡಿದು ವಾಪಸು ಬಂದರೆ ಇಬ್ಬರ ಮುಖವೂ ಕಪ್ಪಾಗಿದೆ. ಕ್ಯಾಬ್ ಮೂರು ಮೂಲೆಯಲ್ಲಿ ಸರಿಯಾಗಿ ಕೂತಿದೆ. ಬಲಗಡೆ ಹಿಂದಿನ ಮೂಲೆ ಮಾತ್ರ ಮೂರು ಬೆರಳು ಮೇಲೆ. ಬೋಲ್ಟು ತೂತಿಗೆ ಎಟುಕುತ್ತಿಲ್ಲ.

"ಅತ್ತೆ, ಚಾಸಿ ಬಾಗಿದೆ ಅನ್ಸುತ್ತೆ" ಎಂದರು ನಿಮ್ಮಪ್ಪ. ಮೈಸೂರಿನವರು, ಕೆಟ್ಟ ಸುದ್ದಿಯನ್ನೂ ಮೆತ್ತಗೆ ಹೇಳುತ್ತಾರೆ. "ಆಕ್ಸಿಡೆಂಟಲ್ಲಿ ಆಗಿರ್ಬೇಕು. ಹಂಗಿದ್ರೆ ಇದರ ಮೇಲೆ ಏನೂ ಕಟ್ಟೋ ಹಾಗಿಲ್ಲ."

ಮೆಕ್ಯಾನಿಕ್ ಒಪ್ಪಲಿಲ್ಲ. ತಾನೇ ಅಳೆದಿದ್ದೇನೆ, ಚಾಸಿ ನೆಟ್ಟಗಿದೆ, ಆ ಮೂಲೆಯಲ್ಲಿ ಕ್ಯಾಬ್ ಹೊರುವ ಬ್ರಾಕೆಟ್ಟೇ ಸ್ವಲ್ಪ ಎತ್ತರವಿರಬೇಕು ಎಂದ. ಬ್ರಾಕೆಟ್ ಚಾಸಿಗೆ ಹುಟ್ಟಿನಿಂದಲೇ ಬೆಸೆದುಕೊಂಡದ್ದು. ಅದನ್ನು ಕತ್ತರಿಸಿದರೂ ಚಾಸಿ ಕತ್ತರಿಸಿದಂತೆಯೇ. ಮಾರ್ಚಿನಿಂದ ಮುಟ್ಟುವುದಿಲ್ಲ ಎಂದಿದ್ದವನು ಈಗ ಬೇಸರದಿಂದ ಬೇರೆ ದಾರಿಯಿಲ್ಲ ಎನ್ನುತ್ತ ಉಕ್ಕು ಕೊಯ್ಯುವ ಗ್ರೈಂಡರ್ ತಂದ. ಇಲ್ಲಿಗೆ ಬಿಟ್ಟು ಗಾಡಿ ಮಾರುತ್ತೀಯೋ, ಕತ್ತರಿಸಿ ಮುಂದಿನ ವರ್ಷ ನೋಡುತ್ತೀಯೋ, ಹೇಳು ಲವ್ ಎಂದ. ಎರಡೂ ಒಂದೇ ಎಂದು ನನಗೆ ಗೊತ್ತಿತ್ತು. ಆಗಸ್ಟ್ ದಾಟಿದರೆ ಟ್ರಕ್ಕು ಬರ್ಮಿಂಗ್‌ಹ್ಯಾಮಿಗೆ.

ನಿಮ್ಮಪ್ಪ ಏನಾದರೂ ಹೇಳಲಿ ಎಂದು ನಾನು ಕಾದೆ. ಕೈ ಸುಮ್ಮನಿರಲಾರದೆ ಪೂಜೆಯ ಸಾಮಾನು ಬುಟ್ಟಿಗೆ ತುಂಬತೊಡಗಿದೆ. ಆರತಿ ತಟ್ಟೆ, ಗಂಟೆ, ಹೂವು, ಕಾಯಿ ಹೋಳು. ಒಂದು ಹೋಳು.

ತೆಂಗಿನ ಸೀಮೆಯಲ್ಲಿ ಹುಟ್ಟಿದವಳಿಗೆ ಒಂದು ಹೋಳು ಕಾಣೆಯಾದರೆ ಮನೆಯಲ್ಲಿ ಕಳ್ಳ ಹೊಕ್ಕಂತೆ. ಸಂಜೆಯ ಚಟ್ನಿಗೆ ಎರಡೂ ಬೇಕಿತ್ತು ಬೇರೆ. "ವೈನಿ, ಇನ್ನೊಂದು ಹೋಳು ಎಲ್ಲಿ?"

"ಅಲ್ಲೇ ಇಟ್ಟೇನಲ್ರೀ. ಬಲಕ್ಕ, ಆ ಕಪ್ಪು ರಬ್ಬರಿನ ಬಟ್ಟಲದಾಗ. ಉರುಳಬಾರದು ಅಂತ ಭಾಳ ಚಂದಂಗ ಕೂರಿಸೇನಿ."

ಯಾರೂ ಬೇಡ ಎನ್ನದ್ದರಿಂದ ಮೆಕ್ಯಾನಿಕ್ ಅಷ್ಟರಲ್ಲಿ ಗ್ರೈಂಡರ್ ಶುರುಮಾಡಿದ್ದ. ಆ ಸದ್ದಿನ ಮೇಲೆ ನನ್ನ ದನಿ ಹೇಗೆ ಎದ್ದಿತೋ ಗೊತ್ತಿಲ್ಲ. "ಸ್ಟಾಪ್! ವೇರ್ ಈಸ್ ಮೈ ಕೋಕೊನಟ್?"

ಗ್ರೈಂಡರ್ ನಿಂತಿತು. ಮೆಕ್ಯಾನಿಕ್ ಕಣ್ಣಿನ ಕನ್ನಡಕ ಮೇಲೆತ್ತಿದ. "ಏನಂದೆ, ಲವ್?"

ನಿಮ್ಮಪ್ಪ ವಿವರಿಸಿದರು. ಎಡಗಡೆಯ ಹೋಳನ್ನು ಅವರೇ ಎತ್ತಿಟ್ಟಿದ್ದರು. ಬಲಗಡೆಯದನ್ನು ಮೆಕ್ಯಾನಿಕ್ ಎತ್ತಿದ್ದಾನೆ ಎಂದುಕೊಂಡಿದ್ದರು. ಇವರು ಎತ್ತಿದ್ದಾರೆ ಎಂದು ಅವನು. ಸರಪಳಿ ಎಳೆದು ಕ್ಯಾಬನ್ನು ಮತ್ತೆ ಒಂದು ಮೊಳ ಎತ್ತಿದರು. ಗಾಡಿಯ ಮೈ ಅದುರದಿರಲಿ ಎಂದು ಪ್ರತಿ ಮೂಲೆಯಲ್ಲೂ ಬಟ್ಟಲಿನಂಥ ರಬ್ಬರ್ ಇರುತ್ತದೆ. ಬಲಮೂಲೆಯ ಬಟ್ಟಲಿನಲ್ಲಿ, ಅದಕ್ಕೆಂದೇ ಅಚ್ಚು ಹಾಕಿ ಮಾಡಿದಂತೆ, ನಮ್ಮ ಹೋಳು ಕೂತಿತ್ತು. ಅಷ್ಟು ಭಾರ ಹೊತ್ತರೂ ಸೀಳಿರಲಿಲ್ಲ.

ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ" ಎಂದು ಏನೋ ಹೇಳಹೊರಟವನು ಮುಗಿಸಲಾಗದೆ ಗಾಲಿಗೆ ಒರಗಿ ಕೂತು ನಕ್ಕ. ನಿಮ್ಮಪ್ಪ ಕಣ್ಣೀರು ಬರುವವರೆಗೂ ನಕ್ಕರು.

"ನಗ್ರಿ, ನಗ್ರಿ" ಎಂದರು ವೈನಿ. "ನಾ ಇಟ್ಟಿದ್ದು ಚಲೋ ಆತು. ಇಲ್ಲಂದ್ರ ಅಕ್ಕಾರ ಇಷ್ಟು ದೊಡ್ಡ ದನಿ ತಗೀತಾರಂತ ಯಾರಿಗೆ ಗೊತ್ತಾಗ್ತಿತ್ತು?"

ಎರಡನೇ ಸಲ ಇಳಿಸಿದಾಗ ನಾಲ್ಕೂ ಬೋಲ್ಟು ಬೆರಳಲ್ಲೇ ತಿರುಗಿ ಒಳಗೆ ಹೋದವು.

ಆಮೇಲಿನ ಎರಡು ತಿಂಗಳು ವೈರಿಂಗ್, ಪೆಡಲು, ತಪಾಸಣೆ ಎಂದು ಹೋಯಿತು. ಗಾಡಿ ಮನೆಗೆ ಬಂದ ಮೇಲೆ ನಾನು ಕ್ಯಾರವಾನ್ ಕಟ್ಟಿ ಭಾನುವಾರದ ಬೆಳಿಗ್ಗೆ ಮುಚ್ಚಿದ ಗೋದಾಮಿನ ಬಯಲಿನಲ್ಲಿ ಹಿಂದಕ್ಕೆ ಬಿಡುವುದನ್ನು ಅಭ್ಯಾಸ ಮಾಡಿದೆ. ಮುಂದಕ್ಕೆ ಎಳೆಯುವುದು ಕಷ್ಟವಲ್ಲ. ಹಿಂದಕ್ಕೆ ಬಿಡುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನ್ ಬಲಕ್ಕೆ ಹೋಗುತ್ತದೆ. ವೈನಿ ಹಿಂದೆ ನಿಂತು ಕೈ ಬೀಸುತ್ತಿದ್ದರು. ಅವರ ಕೈ ನೋಡುವುದನ್ನು ಬಿಟ್ಟ ದಿನ ನನಗೆ ಅದು ಬಂತು.

ಆಗಸ್ಟಿನ ಕೊನೆಯ ವಾರಾಂತ್ಯ ನಿಮ್ಮಮ್ಮ ಬಂದಳು. ಮುಂದಿನ ಉದ್ದ ಸೀಟಿನಲ್ಲಿ ನಾನು, ನಡುವೆ ಅವಳು, ಕಿಟಕಿಗೆ ವೈನಿ. ನಿಮ್ಮಲ್ಲಿ ದೊಡ್ಡವಳು ಹಿಂದೆ ಅಪ್ಪನ ಕಾರಿನಲ್ಲಿದ್ದಳು, ಚಿಕ್ಕವನು ಇನ್ನೂ ಹುಟ್ಟಿರಲಿಲ್ಲ. ಊರು ದಾಟುವವರೆಗೂ ನಿಮ್ಮಮ್ಮ ನನ್ನ ಜೊತೆ ತಾನೂ ಬ್ರೇಕು ತುಳಿಯುತ್ತಿದ್ದಳು, ಅವಳ ಕಾಲಿನ ಕೆಳಗೆ ಬ್ರೇಕು ಇರಲಿಲ್ಲ ಅಷ್ಟೆ. ನಾನು ನೋಡಿಯೂ ನೋಡದಂತಿದ್ದೆ.

ಏರು ಶುರುವಾಯಿತು. ಹಳೇ ಎಂಜಿನ್ ಇಲ್ಲಿ ನರಳಲು ತೊಡಗುತ್ತಿತ್ತು. ಹೊಸದು ಸ್ವಲ್ಪ ದನಿ ತಗ್ಗಿಸಿ ಎಳೆಯಿತು. ಅರ್ಧ ಏರಿನಲ್ಲಿ ಎಡಕ್ಕೆ ಒಂದು ಲೇಬೈ ಇದೆ, ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸುವ ಜಾಗ. ರೇಡಿಯೇಟರ್ ಕುದಿದಾಗಲೆಲ್ಲ ನಿಮ್ಮ ತಾತ ಅಲ್ಲಿಗೆ ಎಳೆದು ಬಾನೆಟ್ ತೆಗೆದು ನಿಲ್ಲುತ್ತಿದ್ದರು. ನಾವು ಅಲ್ಲಿ ಎಷ್ಟೋ ಸಲ ಚಿತ್ರಾನ್ನ ತಿಂದಿದ್ದೇವೆ.

"ಅಪ್ಪ ಇಲ್ಲಿ ನಿಲ್ಲಿಸ್ತಿದ್ರು" ಎಂದಳು ನಿಮ್ಮಮ್ಮ.

"ನಿಲ್ಲಿಸ್ಲಾ?"

ಅವಳು ಲೇಬೈ ನೋಡಿದಳು, ಆಮೇಲೆ ಉಷ್ಣದ ಮುಳ್ಳು ನೋಡಿದಳು. ಮುಳ್ಳು ನಡುವೆಯೇ ಇತ್ತು. "ಬೇಡ. ಹೋಗಮ್ಮ."

ಹೋದೆ.

ಏರು ಹತ್ತಿದ್ದು ಟ್ರಕ್ಕು. ನನ್ನ ಪರೀಕ್ಷೆ ಮೇಲೆ ಕಾದಿತ್ತು. ಕ್ಯಾರವಾನ್ ನಿಲ್ಲಿಸುವ ಮೈದಾನದಲ್ಲಿ ನಮಗೆ ಕೊಟ್ಟ ಜಾಗ ಎರಡು ಕ್ಯಾರವಾನುಗಳ ನಡುವಿನ ಇಕ್ಕಟ್ಟು. ರಜೆಯ ದಿನ, ಸುತ್ತ ಕುರ್ಚಿ ಹಾಕಿಕೊಂಡು ಕೂತವರೆಲ್ಲ ಟೀ ಲೋಟ ಹಿಡಿದು ಈ ಕಡೆ ತಿರುಗಿದರು. ಹಳೇ ಟ್ರಕ್ಕು, ಒಳಗೆ ಸೀರೆಯುಟ್ಟ ಮುದುಕಿ. ಒಬ್ಬರು ಎದ್ದು ಬಂದು ಬೇಕಾದರೆ ತಾನೇ ಹಿಂದಕ್ಕೆ ತೆಗೆದು ನಿಲ್ಲಿಸಿಕೊಡುತ್ತೇನೆ ಎಂದರು. ಮೊದಲಿನ ನಾನಾಗಿದ್ದರೆ ಕೀಲಿ ಕೊಟ್ಟು ಹಿಂದೆ ಸರಿಯುತ್ತಿದ್ದೆ. "ನೋ ಥ್ಯಾಂಕ್ಯೂ" ಎಂದೆ. ಮೊದಲ ಸಲ ಸೊಟ್ಟಗಾಯಿತು. ಮುಂದಕ್ಕೆ ತಂದೆ. ಯಾರೂ ಅವಸರ ಮಾಡಲಿಲ್ಲ, ಮಾಡಿದ್ದರೂ ನಾನು ಕೇಳುತ್ತಿರಲಿಲ್ಲ. ಎರಡನೇ ಸಲ ಕನ್ನಡಿಯಲ್ಲಿ ಎರಡೂ ಕಡೆಯ ಹುಲ್ಲು ಸಮನಾಗಿ ಕಂಡಿತು. ಕೈ ಬ್ರೇಕು ಎಳೆದೆ.

ಒಲೆ ಹಚ್ಚುತ್ತಿದ್ದಾಗ ನಿಮ್ಮಮ್ಮನ ಮೊಬೈಲು ಬಡಿದುಕೊಂಡಿತು. ಬರ್ಮಿಂಗ್‌ಹ್ಯಾಮಿನವರು. ಅವಳು ಕೈಯಿಂದ ಫೋನು ಮುಚ್ಚಿಕೊಂಡು, "ನಾನೇ ಹೇಳ್ತೀನಿ, ನೀನಿರು" ಎಂದಳು.

"ಕೊಡಿಲ್ಲಿ."

ಇಂಗ್ಲಿಷಿನಲ್ಲಿ, ಗೊತ್ತಿಲ್ಲದ ಗಂಡಸಿನ ಜೊತೆ, ಫೋನಿನಲ್ಲಿ. ಈ ಮೂರೂ ಒಟ್ಟಿಗೆ ನಾನು ಎಂದೂ ಮಾಡಿದವಳಲ್ಲ. ಗಾಡಿ ಮಾರಾಟಕ್ಕಿಲ್ಲ, ಅದಕ್ಕೆ ಕೆಲಸವಿದೆ ಎಂದೆ. ಅವರು ಒಳ್ಳೆಯ ಮನುಷ್ಯ. ಹಾಗಾದರೆ ಮುಂದಿನ ವರ್ಷ ಕೇಳಲೇ ಎಂದರು. ಮುಂದಿನ ವರ್ಷವೂ ಬಿಡುವಿಲ್ಲ, ಸ್ಕಾಟ್ಲೆಂಡಿಗೆ ಹೋಗುತ್ತಿದ್ದೇವೆ ಎಂದು ಫೋನು ಇಟ್ಟೆ.

"ಸ್ಕಾಟ್ಲೆಂಡಾ? ಯಾವಾಗ ಡಿಸೈಡ್ ಮಾಡಿದೆ?" ಎಂದಳು ನಿಮ್ಮಮ್ಮ.

"ಈಗ."

ವೈನಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು. "ಹೋಗ್ತೇವಿ ಅಂದ್ರಲ್ಲ, ಯಾರ್ಯಾರು?"

"ನಾನು. ನೀವು ಬರೋದಾದ್ರೆ ನೀವು."

"ಬರೋದಾದ್ರ ಅಂತ ಯಾಕ ಕೇಳ್ತೀರಿ? ಬರ್ತೀನಿ. ಆದ್ರ ಕಿಟಕಿ ನಂದು, ಈಗ ಹೇಳೇನಿ."

ನಾನು ಒಲೆಯ ಮೇಲೆ ಬಾಣಲೆ ಇಟ್ಟೆ.